ಹಿತ್ತಲ ಗಿಡವೂ ಮದ್ದೇ

1987ರ ನವೆಂಬರ್. ತಾಂಜಾನಿಯಾದ ಟ್ಯಾಂಗನಿಕಾ ಸರೋವರದ ದಡದಲ್ಲಿರೋ ಮಹಾಲೆ ಬೆಟ್ಟಗಳ ಕಾಡು. ಚೌಸಿಕು ಅನ್ನೋ ತಾಯಿ ಚಿಂಪಾಂಜಿಗೆ ಹುಷಾರಿರಲಿಲ್ಲ. ಸರಿಯಾಗಿ ತಿನ್ನುತ್ತಿರಲಿಲ್ಲ, ಹೋದಲ್ಲೆಲ್ಲ ಮಲಗಿಬಿಡುತ್ತಿತ್ತು. ಅದನ್ನ ಹಿಂಬಾಲಿಸುತ್ತಿದ್ದವರು ಇಬ್ಬರು: ಸಂಶೋಧಕ ಮೈಕಲ್ ಹಫ್‌ಮನ್ ಮತ್ತು ಅಲ್ಲಿನ ಟೋಂಗ್ವೆ ಸಮುದಾಯದ ಮೊಹಮೆದಿ ಸೈಫು ಕಲುಂಡೆ.

ಚೌಸಿಕು ಒಂದು ಪೊದೆಯ ಹತ್ತಿರ ಹೋಗಿ ಎಳೆ ಕಾಂಡ ಮುರಿಯಿತು. ಎಲೆ ಬಿಸಾಕಿತು, ತೊಗಟೆ ಸುಲಿದು ಬಿಸಾಕಿತು, ಒಳಗಿನ ತಿರುಳನ್ನ ಮಾತ್ರ ಅಗಿದು ರಸ ಹೀರಿತು. ಹಫ್‌ಮನ್ ಗಿಡದ ಬಗ್ಗೆ ಕೇಳಿದರು. ಅದು ತುಂಬಾ ಕಹಿ, ಆದರೆ ಒಳ್ಳೆ ಮದ್ದು ಅಂದರು ಮೊಹಮೆದಿ. ಟೋಂಗ್ವೆ ಜನ ಜ್ವರ, ಹೊಟ್ಟೆನೋವು, ಹೊಟ್ಟೆಹುಳಕ್ಕೆಲ್ಲ ಇದನ್ನೇ ಕುಡೀತಾರೆ. ಮಾರನೇ ದಿನದ ಹೊತ್ತಿಗೆ ಚೌಸಿಕು ಚೇತರಿಸಿಕೊಂಡಿತ್ತು.

ಒಂದೇ ಒಂದು ಘಟನೆ, ಕಾಕತಾಳೀಯ ಇರಬಹುದಲ್ವಾ? ಅದಕ್ಕೇ ಪ್ರಯೋಗಾಲಯದ ಕೆಲಸ ಶುರುವಾಯ್ತು. ವೆರ್ನೋನಿಯಾ ಅಮಿಗ್ಡಲಿನಾ ಅನ್ನೋ ಈ ಗಿಡದಲ್ಲಿ ಪರಾವಲಂಬಿಗಳನ್ನ ತಡೆಯೋ ಸಂಯುಕ್ತಗಳು ಸಿಕ್ಕವು. ವಿಷದ ಅಂಶ ಹೆಚ್ಚಿದ್ದದ್ದು ಎಲೆ, ತೊಗಟೆಯಲ್ಲಿ, ಅಂದರೆ ಚೌಸಿಕು ಬಿಸಾಕಿದ ಭಾಗದಲ್ಲಿ! ಮುಂದೆ ಇನ್ನೊಂದು ಹೆಣ್ಣು ಇದೇ ತಿರುಳು ತಿಂದಾಗ, ಸುಮಾರು 20 ಗಂಟೆಯಲ್ಲಿ ಅದರ ಒಂದು ಗ್ರಾಂ ಮಲದಲ್ಲಿದ್ದ ಹುಳದ ಮೊಟ್ಟೆಗಳು 130ರಿಂದ 15ಕ್ಕೆ ಇಳಿದಿದ್ದವು.

ಹುಷಾರಿಲ್ಲದಾಗಿನ ಕಥೆ ಇದು. ದಿನನಿತ್ಯದ ಊಟದ ಕಥೆ ಹೇಳೋದು ಮೂತ್ರ. ಉಗಾಂಡದ ಕಿಬಾಲೆ ಕಾಡಿನಲ್ಲಿ ಸಂಶೋಧಕರು ಬೆಳಗ್ಗೆ ಎದ್ದು ಚಿಂಪಾಂಜಿಗಳ ಗೂಡಿನ ಕೆಳಗೆ ಕಾಯ್ತಾರೆ. ಎಲೆ ಮೇಲೆ ಬಿದ್ದ ಮೂತ್ರವನ್ನ ಪಿಪೆಟ್‌ನಲ್ಲಿ ಹೀರಿಕೊಳ್ತಾರೆ. ಪ್ರಾಣಿಯನ್ನ ಮುಟ್ಟೋದೂ ಬೇಡ, ಸೂಜಿ ಚುಚ್ಚೋದೂ ಬೇಡ. ಇನ್ಸುಲಿನ್ ತಯಾರಾಗುವಾಗ ಬೇರ್ಪಡೋ ಸಿ-ಪೆಪ್ಟೈಡ್ ನೋಡಿದರೆ ಹೊಟ್ಟೆಗೆ ಎಷ್ಟು ಬಿದ್ದಿದೆ ಅಂತ ತಿಳಿಯುತ್ತೆ. ಕಾರ್ಟಿಸಾಲ್ ನೋಡಿದರೆ ಒತ್ತಡ ತಿಳಿಯುತ್ತೆ. ಒಳ್ಳೆ ಹಣ್ಣು ಧಾರಾಳವಾಗಿ ಸಿಕ್ಕ ಕಾಲದಲ್ಲಿ ಹೆಣ್ಣುಗಳ ಅಂಡಾಶಯದ ಹಾರ್ಮೋನುಗಳು ಏರೋದು, ಬಸಿರಾಗೋ ಸಾಧ್ಯತೆ ಹೆಚ್ಚೋದು ಇಲ್ಲಿ ಕಂಡುಬಂತು. ಅಂದರೆ ಹಣ್ಣಿನ ಮರ ಕಡಿದರೆ ಹೋಗೋದು ಬರೀ ಒಂದು ಹೊತ್ತಿನ ಊಟ ಅಲ್ಲ, ಹುಟ್ಟಬೇಕಾದ ಮರಿಯೂ ಹೋಗಬಹುದು.

ಈಗ ಮೊಹಮೆದಿ ಕಥೆಗೆ ವಾಪಸ್ ಬರೋಣ. ಅವರ ಅಜ್ಜ ಬಾಬು ಕಲುಂಡೆ ನಾಟಿ ವೈದ್ಯರು. ಕಾಯಿಲೆ ಬಿದ್ದ ಒಂದು ಮುಳ್ಳುಹಂದಿ ಮುಲೆಂಗೆಲೆಲೆ ಅನ್ನೋ ಗಿಡದ ಬೇರು ಅಗೆದು ತಿಂದು ಗುಣವಾದದ್ದನ್ನ ಅವರು ನೋಡಿದ್ದರಂತೆ. ಆಮೇಲೆ ರಕ್ತಭೇದಿಯಿಂದ ನರಳುತ್ತಿದ್ದ ಊರಿನವರಿಗೂ ಅದೇ ಬೇರು ಕೊಟ್ಟರಂತೆ. ಪ್ರಾಣಿಯನ್ನ ನೋಡಿ ಮದ್ದು ಕಲಿಯೋದು ಆ ಮನೆಯಲ್ಲಿ ಹೊಸ ಸಂಶೋಧನೆಯಾಗಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತೀವಿ. ಅದನ್ನ ಮದ್ದು ಅಂತ ಮೊದಲೇ ಗೊತ್ತಿದ್ದವರ ಹೆಸರನ್ನೂ ಹಾಗೇ ಮರೆತುಬಿಡ್ತೀವಿ. ಕಾಡಿನ ದಾರಿ ತೋರಿಸಿದವರು, ಗಿಡ ಗುರುತಿಸಿದವರು ಎಷ್ಟೋ ಸಲ ಪ್ರಬಂಧದ ಕೊನೆಯ ‘ಕೃತಜ್ಞತೆ’ಯಲ್ಲೇ ಉಳಿದುಬಿಡ್ತಾರೆ. ಚೌಸಿಕು ಬಗ್ಗೆ 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹಾಗಾಗಲಿಲ್ಲ. ಅದರಲ್ಲಿ ಲೇಖಕರು ಇಬ್ಬರು: ಹಫ್‌ಮನ್ ಮತ್ತು ಸೈಫು.