ಪ್ರಾಪರ್ಡಿನ್: ತಡವಾಗಿ ಬಂದ ತೀರ್ಪು

ರಕ್ತ ಹೆಪ್ಪುಗಟ್ಟಿದ ಬಳಿಕ ಉಳಿಯುವ ತಿಳಿಹಳದಿ ದ್ರವವೇ ಸೀರಮ್. ಅದು ಎಷ್ಟೋ ರೋಗಾಣುಗಳನ್ನು ಕೊಲ್ಲಬಲ್ಲದು. 56 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಕಾಯಿಸಿದರೆ ಮಾತ್ರ ಆ ಶಕ್ತಿ ಕುಂದುತ್ತದೆ. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿದ್ದ ಜೂಲ್ ಬೋರ್ಡೆ ಇದರ ಗುಟ್ಟು ಬಿಡಿಸಿದರು. ಪ್ರತಿಕಾಯವು ಶತ್ರುವನ್ನು ಗುರುತಿಸುತ್ತದೆ, ಶಾಖ ತಾಳದ ಇನ್ನೊಂದು ಅಂಶ ಅದನ್ನು ಒಡೆಯುತ್ತದೆ. ಪಾಲ್ ಎರ್ಲಿಕ್ ಆ ಅಂಶಕ್ಕೆ ‘ಕಾಂಪ್ಲಿಮೆಂಟ್’, ಅಂದರೆ ಪೂರಕ, ಎಂದು ಹೆಸರಿಟ್ಟರು.

ಹೆಸರಿನ ಜೊತೆ ಒಂದು ನಂಬಿಕೆಯೂ ಬೇರೂರಿತು: ಪ್ರತಿಕಾಯ ಕರೆಯದೆ ಪೂರಕ ಏಳದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಲೂಯಿಸ್ ಪಿಲೆಮರ್ 1954ರಲ್ಲಿ ಇದನ್ನೇ ಪ್ರಶ್ನಿಸಿದರು. ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಜೈಮೋಸಾನ್ ಎಂಬ ವಸ್ತುವನ್ನು ಸೀರಮ್‌ಗೆ ಬೆರೆಸಿದರೆ ಪೂರಕದ ಮೂರನೆಯ ಅಂಶ ಖರ್ಚಾಗುತ್ತಿತ್ತು. ಇದಕ್ಕೆ ನೆರವಾಗುವ ಹೊಸದೊಂದು ಪ್ರೋಟೀನ್ ಇದೆ, ಅದು ಪ್ರತಿಕಾಯವಲ್ಲ ಎಂದರು ಪಿಲೆಮರ್. ಅದನ್ನು ಪ್ರಾಪರ್ಡಿನ್ ಎಂದು ಕರೆದರು. ಪತ್ರಿಕೆಗಳೂ ಸುದ್ದಿಯನ್ನು ಎತ್ತಿ ಹಿಡಿದವು.

ಆಮೇಲೆ ಆಕ್ಷೇಪ ಬಂತು. ಜೈಮೋಸಾನ್‌ಗೆ ಅಂಟುವ ಪ್ರತಿಕಾಯಗಳು ಸೀರಮ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಮೊದಲೇ ಇರುತ್ತವೆ, ಅಷ್ಟರಿಂದಲೇ ಈ ಫಲಿತಾಂಶವನ್ನು ವಿವರಿಸಬಹುದು ಎಂದು ರಾಬರ್ಟ್ ನೆಲ್ಸನ್ ವಾದಿಸಿದರು. ವಾದ ತೂಕದ್ದೇ ಆಗಿತ್ತು. ಪ್ರಾಪರ್ಡಿನ್ ಪೂರ್ತಿ ಶುದ್ಧವಾಗಿ ಕೈಗೆ ಸಿಕ್ಕಿರಲಿಲ್ಲವಾದ್ದರಿಂದ ಅಲ್ಲಗಳೆಯುವುದು ಕಷ್ಟವಾಯಿತು. ವಿವಾದ ಬಿಸಿಯಾಗಿರುವಾಗಲೇ, 1957ರ ಆಗಸ್ಟ್ 31ರಂದು, ನಿದ್ರೆಗೆ ಬಳಸುವ ಬಾರ್ಬಿಟ್ಯುರೇಟ್ ಔಷಧ ಅತಿಯಾಗಿ ಪಿಲೆಮರ್ ತೀರಿಕೊಂಡರು. ಪ್ರಾಪರ್ಡಿನ್ ಮಾತೂ ಬಹುಮಟ್ಟಿಗೆ ನಿಂತಿತು.

ಅವರ ಜೊತೆ ದುಡಿದಿದ್ದ ಅರ್ವಿನ್ ಲೆಪೊ ಮತ್ತು ಸಂಗಡಿಗರು ಮಾತ್ರ ಅದನ್ನು ಬಿಡಲಿಲ್ಲ. 1968ರಲ್ಲಿ ಶುದ್ಧ ಪ್ರಾಪರ್ಡಿನ್ ಸಿಕ್ಕಿತು. ಅದು ಪ್ರತಿಕಾಯವಲ್ಲವೆಂದು ಸ್ಪಷ್ಟವಾಯಿತು. ಪೂರಕದ ಮೂರನೆಯ ಅಂಶ ರಕ್ತದಲ್ಲಿ ಸದಾ ಸ್ವಲ್ಪಸ್ವಲ್ಪವಾಗಿ ತಾನೇ ಎಚ್ಚರಗೊಳ್ಳುತ್ತಿರುತ್ತದೆ. ರೋಗಾಣುವಿನ ಮೇಲೆ ಕೂತರೆ ಅದರ ಸುತ್ತ ಇನ್ನಷ್ಟು ಪೂರಕವನ್ನು ಎಬ್ಬಿಸುವ ಕಿಣ್ವವೊಂದು ಕಟ್ಟಿಕೊಳ್ಳುತ್ತದೆ. ಆ ಕಿಣ್ವ ಬೇಗ ಕಳಚದಂತೆ ಹಿಡಿದಿಡುವುದೇ ಪ್ರಾಪರ್ಡಿನ್. ಇಂದಿನ ಪಠ್ಯಪುಸ್ತಕಗಳಲ್ಲಿ ಇದು ‘ಪರ್ಯಾಯ ಮಾರ್ಗ’.

ಈ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದವರಿಗೆ ಮೆನಿಂಗೊಕಾಕಸ್ ಸೋಂಕು ಪ್ರಾಣಕ್ಕೇ ಬರಬಹುದು. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಈ ಕೊರತೆ ಹೆಚ್ಚಾಗಿ ಗಂಡಸರಲ್ಲಿ ಕಾಣುತ್ತದೆ. ಇನ್ನೊಂದು ಕಾಯಿಲೆಯಲ್ಲಿ ಪೂರಕ ಸ್ವಂತ ಕೆಂಪು ರಕ್ತಕಣಗಳನ್ನೇ ಒಡೆದು ಮೂತ್ರವನ್ನು ಕಪ್ಪಾಗಿಸುತ್ತದೆ. ಅದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಪ್ಟಾಕೊಪಾನ್ ಎಂಬ ಗುಳಿಗೆ ತಡೆಯುವುದು ಪರ್ಯಾಯ ಮಾರ್ಗವನ್ನೇ. ಇಲ್ಲವೆಂದು ಬದಿಗಿಟ್ಟಿದ್ದ ದಾರಿಯಲ್ಲೇ ಈಗ ಮದ್ದು ಸಿಕ್ಕಿದೆ.