ಶಾಣ್ಯಾನ ಎದುರು ಯಾರು?

ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿಗೆ ಕಾಯುತ್ತ ನಿಂತರೆ ‘ಶಾಣ್ಯಾ’ ಎಂಬ ಮಾತು ಕಿವಿಗೆ ಬೀಳದೆ ಇರದು. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದವ ಶಾಣ್ಯಾ. ಸರದಿ ಮುರಿದು ಒಳಗೆ ತೂರಿದವನೂ ಶಾಣ್ಯಾನೇ, ದನಿಯಷ್ಟೇ ಬೇರೆ: “ಭಾಳ ಶಾಣ್ಯಾ ಅದೀಯಲೇ!” ಹೆಣ್ಣಾದರೆ ಶಾಣ್ಯಾಕಿ. ಮರಾಠಿಯ ‘ಶಹಾಣಾ’ದ ನೆಂಟ ಇದು. ಮೈಸೂರು ಕಡೆಯ ‘ಜಾಣ’ ಇದಕ್ಕೆ ಹತ್ತಿರದ ಮಾತು, ಆದರೆ ಅದಕ್ಕೆ ಇಷ್ಟು ಖಾರವಿಲ್ಲ.

ಶಾಣ್ಯಾನ ಎದುರು ಯಾರು? ಶಾಲೆಯಲ್ಲಿ ಕೇಳಿದರೆ ‘ದಡ್ಡ’ ಅನ್ನುತ್ತಾರೆ. ಮನೆಯಲ್ಲಿ ಹಿರಿಯರು ಗದರುವುದು ಬೇರೆ ಥರ: “ಹುಚ್ಚರಂಗ ಮಾಡಬ್ಯಾಡ, ಶಾಣ್ಯಾರಂಗ ಇರು.” ಅಕ್ಷರ ಹತ್ತದವನಿಗೂ ಮನಸ್ಸು ಕೆಟ್ಟವನಿಗೂ ಎದುರಾಳಿ ಒಬ್ಬನೇ. ಎರಡೂ ಒಬ್ಬನಲ್ಲೇ ಇದ್ದರೆ ಕೇಳುವುದೇ ಬೇಡ. ಓದಲಾಗದ್ದನ್ನು ತಲೆ ಸರಿಯಿಲ್ಲದ್ದಕ್ಕೆ ಹಚ್ಚುತ್ತಾರೆ, ತಲೆ ಸರಿಯಿಲ್ಲದ್ದನ್ನು ಓದದ್ದಕ್ಕೆ.

ಓದು-ಬರಹದ ತೊಡಕಿಗೆ ಬೈರಿದೇವರಕೊಪ್ಪ ಎಂಬ ಹೆಸರನ್ನೇ ನೋಡಿ. ಒಂದು ಬೋರ್ಡಿನಲ್ಲಿ ‘ಬೈ’, ಇನ್ನೊಂದರಲ್ಲಿ ‘ಭೈ’. ಬರೆದ ಪೇಂಟರನ್ನು ಯಾರೂ ದಡ್ಡ ಎಂದದ್ದಿಲ್ಲ. ಉಕ್ತಲೇಖನದಲ್ಲಿ ಹುಡುಗನೊಬ್ಬ ಹಾಗೆ ಬರೆದರೆ ಕಿವಿ ಹಿಂಡುತ್ತಾರೆ. ಓದು ತೊಡಕುವ ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ಈ ಹೆಸರು ಏಳು ಅಕ್ಷರದ ಹತ್ತಲಾರದ ದಿಬ್ಬ. ‘ದೇ’ಯ ದೀರ್ಘ ಕಳಚುತ್ತದೆ, ‘ಪ್ಪ’ದ ಒತ್ತು ಜಾರುತ್ತದೆ, ಕೊನೆಗೆ ತಲುಪುವಾಗ ಮೊದಲು ಏನಿತ್ತು ಎಂಬುದೇ ಮರೆತಿರುತ್ತದೆ. ಹೀಗೆ ವರ್ಷಗಟ್ಟಲೆ ಬೈಸಿಕೊಂಡವರಲ್ಲಿ ಆತಂಕ, ಖಿನ್ನತೆ ಹೆಚ್ಚು ಎಂಬುದು ವೈದ್ಯರಿಗೆ ಹೊಸ ವಿಷಯವೇನಲ್ಲ. ನೆರೆಹೊರೆಯವರಿಗೆ ಮಾತ್ರ ಅದು ಇನ್ನೂ “ಸೊಕ್ಕು”.

ಕಾನೂನೂ ನಿಧಾನವಾಗಿಯೇ ಕಲಿಯಿತು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಮಾನಸಿಕ ಕಾಯಿಲೆ ಇತ್ತು, ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆಯಲ್ಲಿ ಪಟ್ಟಿ ಇಪ್ಪತ್ತೊಂದಕ್ಕೆ ಬೆಳೆದಾಗ ಎರಡಕ್ಕೂ ಬೇರೆಬೇರೆ ಜಾಗ ಸಿಕ್ಕಿತು. ಡಿಸ್ಲೆಕ್ಸಿಯಾದ ಜೊತೆ, ಲೆಕ್ಕ ಹತ್ತದ ಡಿಸ್‌ಕ್ಯಾಲ್ಕುಲಿಯಾ, ಬರವಣಿಗೆ ತೊಡಕುವ ಡಿಸ್‌ಗ್ರಾಫಿಯಾ ಕೂಡ ಒಳಗೆ ಬಂದವು. ನಮ್ಮ ಆಡುಮಾತು ಇನ್ನೂ ಅಲ್ಲಿಗೆ ಬಂದಿಲ್ಲ.

ಬೈರಿದೇವರಕೊಪ್ಪದಿಂದ ಚಿಗರಿ ಹತ್ತಿದರೆ ಧಾರವಾಡ ದೂರವೇನಲ್ಲ. ಅಲ್ಲಿಯ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ 1845ರಲ್ಲಿ ಹುಚ್ಚರ ಆಶ್ರಯವಾಗಿ ಶುರುವಾದದ್ದು. ಹೆಸರು ಬದಲಾದರೂ ಹಳಬರ ಬಾಯಲ್ಲಿ ಇಂದಿಗೂ ‘ಹುಚ್ಚರ ದವಾಖಾನಿ’. “ನಾ ಏನ್ ಹುಚ್ಚ ಅದೇನೇನು?” ಎಂದು ಬಸ್ ಹತ್ತಲು ಒಪ್ಪದವರನ್ನು ಹೊರಡಿಸುವಷ್ಟರಲ್ಲಿ ಮನೆಯವರು ಅರ್ಧ ಸೋತಿರುತ್ತಾರೆ. ಆ ಒಂದು ಪದದಿಂದಾಗಿ ತಡವಾದ ಚಿಕಿತ್ಸೆಗೆ ಲೆಕ್ಕವಿಲ್ಲ ಎಂದೇ ನನ್ನ ಅನಿಸಿಕೆ.

ಆಸ್ಪತ್ರೆಗೆ ಹೋದ ಮೇಲೂ ತೊಡಕು ಮುಗಿಯುವುದಿಲ್ಲ. ಚೀಟಿಯ ಮೇಲೆ 1-0-1 ಎಂದಿರುತ್ತದೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅಂಕಿ-ಅಕ್ಷರ ಕೈಕೊಡುವವನಿಗೆ ಇದೇ ಒಂದು ಪರೀಕ್ಷೆ. ಗುಳಿಗಿ ತಪ್ಪಿಸಿದ ಎಂದು ಮನೆಯವರು ಬೈಯುತ್ತಾರೆ, ಚೀಟಿ ಓದಲಾಗಲಿಲ್ಲ ಎಂದು ಹೇಳಲು ಅವನಿಗೆ ನಾಚಿಕೆ. ಕೆಲವು ಗುಳಿಗಿಗಳಿಂದ ಬರುವ ಮಂಪರು ಓದನ್ನು ಮತ್ತಷ್ಟು ಎಳೆಯುತ್ತದೆ. ಆಗ ಅವನು ಮತ್ತೆ ದಡ್ಡನಾಗುತ್ತಾನೆ. ಸ್ಟ್ರಿಪ್ಪಿನ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರೆ ಕೆಲಸ ಎಷ್ಟೋ ಹಗುರ. ಇದಕ್ಕೆ ಡಿಗ್ರಿ ಬೇಕಿಲ್ಲ, ಔಷಧಿ ಅಂಗಡಿಯವರೂ ಮಾಡಬಹುದು.

‘ಶಾಣ್ಯಾ’ ಪದವನ್ನು ಬಿಡಿ ಎಂದು ನಾನು ಹೇಳಲಾರೆ, ಅದಿಲ್ಲದೆ ನಮಗೆ ಹೊಗಳಲೂ ಬಾರದು, ಬೈಯಲೂ ಬಾರದು. ಆದರೆ ದಡ್ಡ, ಹುಚ್ಚ ಎಂದು ಬೈಯುವ ಬದಲು ಇಷ್ಟು ಮಾಡಿ: ಮನಸ್ಸಿನ ಡಾಕ್ಟರ ಹತ್ತಿರ ಹೋಗುವಾಗ ಮಗನ ಶಾಲೆಯ ಹಳೆಯ ನೋಟ್‌ಬುಕ್ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಿ. ಓದಿನ ತೊಂದರೆಯನ್ನೂ ಬಾಯಿಬಿಟ್ಟು ಹೇಳಿ. ಆಸ್ಪತ್ರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲವೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.