ಐವತ್ತೊಂಬತ್ತರಲ್ಲಿ ಶಾಸನಸಭೆಗೆ

ಮಕ್ಕಳು ದೊಡ್ಡವರಾದ ಮೇಲೆ ಹೆಂಗಸಿಗೆ ಇನ್ನೇನು ಕೆಲಸ, ರಾಮಾ ಕೃಷ್ಣಾ ಎಂದುಕೊಂಡಿದ್ದರಾಯಿತು ಎನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಆಗೆಲ್ಲ ನನಗೆ ನೆನಪಾಗುವವಳು ಆಸ್ಟ್ರೇಲಿಯಾದ ಈಡಿತ್ ಕೋವನ್.

ಪಶ್ಚಿಮ ಆಸ್ಟ್ರೇಲಿಯಾದ ಜೆರಾಲ್ಡ್‌ಟನ್ ಬಳಿ 1861ರಲ್ಲಿ ಹುಟ್ಟಿದ ಈಡಿತ್‌ಗೆ ಏಳು ವರ್ಷವಾದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಹುಡುಗಿಯನ್ನು ಪರ್ತ್ ನಗರದ ವಸತಿಶಾಲೆಗೆ ಕಳಿಸಿದರು. ಹದಿನಾಲ್ಕರ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಆಘಾತ: ಎರಡನೆಯ ಹೆಂಡತಿಯನ್ನು ಕೊಂದ ತಪ್ಪಿಗೆ ತಂದೆಗೆ 1876ರಲ್ಲಿ ಗಲ್ಲಾಯಿತು. ಅಂಥ ಮನೆಯ ಮಗಳು ತಲೆಯೆತ್ತಿ ನಡೆಯುವುದು ಯಾವ ಊರಿನಲ್ಲಾದರೂ ಸುಲಭವೇ?

1879ರಲ್ಲಿ ಜೇಮ್ಸ್ ಕೋವನ್‌ನನ್ನು ಮದುವೆಯಾದಳು. ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗ. ಗಂಡ ಮ್ಯಾಜಿಸ್ಟ್ರೇಟ್ ಆದ ಮೇಲೆ ಕೋರ್ಟಿಗೆ ಬರುವ ಬಡವರ, ಅನಾಥ ಮಕ್ಕಳ ಪಾಡು ಆಕೆಗೆ ಹತ್ತಿರದಿಂದ ತಿಳಿಯಿತು. 1894ರಲ್ಲಿ ಗೆಳತಿಯರೊಂದಿಗೆ ಕಟ್ಟಿದ ಕರಾಕಟ್ಟಾ ಕ್ಲಬ್ಬಿನಲ್ಲಿ ಹೆಂಗಸರು ಓದಿ, ಚರ್ಚಿಸಿ, ನಾಲ್ಕು ಜನರ ಮುಂದೆ ಮಾತಾಡುವುದನ್ನು ಕಲಿತರು. 1916ರಲ್ಲಿ ತೆರೆದ ಹೆರಿಗೆ ಆಸ್ಪತ್ರೆಗಾಗಿ ಆಕೆ ವರ್ಷಗಟ್ಟಲೆ ದುಡಿದಳು. ತಾಯಿಯನ್ನು ಹೆರಿಗೆಯಲ್ಲಿ ಕಳೆದುಕೊಂಡವಳಿಗೆ ಅದು ಬರೀ ಸಮಾಜಸೇವೆಯಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿ ಹೆಂಗಸರಿಗೆ 1899ರಲ್ಲೇ ಮತ ಬಂದಿತ್ತು. ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1920ರಲ್ಲಿ. ಮರುವರ್ಷವೇ, ಐವತ್ತೊಂಬತ್ತರ ಈಡಿತ್ ವೆಸ್ಟ್ ಪರ್ತ್‌ನಿಂದ ನಿಂತು 46 ಮತಗಳಿಂದ ಗೆದ್ದಳು. ಆಸ್ಟ್ರೇಲಿಯಾದ ಯಾವುದೇ ಶಾಸನಸಭೆಗೆ ಆರಿಸಿ ಬಂದ ಮೊದಲ ಹೆಂಗಸು! ಸೋತವನು ಅಟಾರ್ನಿ ಜನರಲ್ ಥಾಮಸ್ ಡ್ರೇಪರ್. ಹೆಂಗಸರು ಸ್ಪರ್ಧಿಸಬಹುದೆಂಬ ಮಸೂದೆ ತಂದವನೂ ಅವನೇ!

ಮಗುವಿನ ತಳ್ಳುಗಾಡಿಗೆ ರೈಲಿನಲ್ಲಿ ಬಾಡಿಗೆ ಯಾಕೆ ಎಂದು ಸಭೆಯಲ್ಲಿ ಕೇಳಿದಳು. ಅದನ್ನು ಕೇಳಲು ಮಗುವನ್ನು ಎತ್ತಿ ಓಡಾಡಿದವಳೇ ಬೇಕಾಯಿತು. ಉಯಿಲು ಬರೆಯದೆ ಮಕ್ಕಳು ತೀರಿಕೊಂಡರೆ ಅವರ ಆಸ್ತಿಯಲ್ಲಿ ತಂದೆಯಷ್ಟೇ ತಾಯಿಗೂ ಪಾಲು ಸಿಗುವಂತೆ ಕಾನೂನು ಮಾಡಿಸಿದಳು. 1923ರಲ್ಲಿ ಆಕೆಯೇ ತಂದ ಮಸೂದೆಯಿಂದ ವಕೀಲಿಯಂಥ ವೃತ್ತಿಗಳು ಹೆಂಗಸರಿಗೆ ತೆರೆದವು. ಪಕ್ಷದ ಮಾತಿಗಿಂತ ತನಗೆ ಸರಿ ಕಂಡದ್ದನ್ನೇ ಆಡುತ್ತಿದ್ದಳು. 1924ರಲ್ಲಿ ಸೋತಳು, 1927ರಲ್ಲಿ ಮತ್ತೆ ನಿಂತು ಮತ್ತೆ ಸೋತಳು.

ಇನ್ನೊಂದು ಮಾತನ್ನೂ ಮರೆಯಬಾರದು. ಈ ಹಕ್ಕುಗಳು ಬಂದದ್ದು ಬಿಳಿಯ ಹೆಂಗಸರಿಗೆ. ಅದೇ ನೆಲದ ಮೂಲನಿವಾಸಿ ಹೆಂಗಸರು ರಾಜ್ಯದ ಚುನಾವಣೆಯಲ್ಲಿ ಮತ ಹಾಕಲು ಸಾಮಾನ್ಯವಾಗಿ 1962ರವರೆಗೆ ಕಾಯಬೇಕಾಯಿತು.

ಈಡಿತ್ 1932ರಲ್ಲಿ ತೀರಿಕೊಂಡಳು. 1995ರಲ್ಲಿ ಆಸ್ಟ್ರೇಲಿಯಾದ ಐವತ್ತು ಡಾಲರಿನ ನೋಟಿನ ಮೇಲೆ ಆಕೆಯ ಮುಖ ಬಂತು. ಶಾಸನಸಭೆಯಲ್ಲಿ ಆಕೆ ಇದ್ದದ್ದು ಬರೀ ಮೂರು ವರ್ಷ; ಅದಕ್ಕೆ ಮೊದಲಿನ ಮೂವತ್ತು ವರ್ಷಗಳ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಆ ಮೂರು ವರ್ಷ ಅರ್ಥವಾಗುತ್ತದೆ.